ಕಾಳಿಯ ಕಲ್ಲು, ಕೆಂಚಿಯ ಕಾಯಿಲೆ

ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನ ಸೈನ್ಯವನ್ನೆದುರಿಸಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ, ಅವನ ಒಡೆಯನಾದ ಗಂಗರ ಇಮ್ಮಡಿ ಬೂತುಗನು ಪ್ರಸನ್ನನಾಗಿ, ಇಷ್ಟವಾದುದನ್ನು ಬೇಡಿಕೊಳ್ಳೆಂದು ಹೇಳಲು, ಆತನು ಕಾಳಿಯೆಂಬ ಹೆಸರಿನ ಒಂದು ನಾಯಿಯನ್ನು ಬೇಡಿ ಪಡೆದನು. ಆ ಕಾಳಿಯು ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡದೊಂದು ಹಂದಿಯೊಡನೆ ಸೆಣಸಿ, ಹಂದಿಯನ್ನೂ ಕೊಂದು ತಾನೂ ಮಡಿಯಿತು. ಅದರ ನೆನಪಿಗೆಂದು ಇಂದಿನ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನಲ್ಲಿ, ಚಲ್ಲೇಶ್ವರನ ಸನ್ನಿಧಿಯಲ್ಲಿ, ಶಕವರ್ಷ 872ರಲ್ಲಿ, ಅಂದರೆ ಕ್ರಿ.ಶ. 949–50ರಲ್ಲಿ, ಕಲ್ಲು ನೆಡಿಸಿ, ಅದರ ಪೂಜೆಗಾಗಿ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಪೂಜೆ ಮಾಡದೆ ಆ ಭೂಮಿಯ ಫಲವನ್ನುಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವೆಲ್ಲ ತಟ್ಟಲೆಂದು ಶಾಪವನ್ನೂ ಕೆತ್ತಿಸಿದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈಗಲೂ ಆ ಕಲ್ಲನ್ನು ನೋಡಬಹುದು. ಮೇಲ್ಭಾಗದ ಶಿಲ್ಪದಲ್ಲಿ ನಾಯಿಯೂ ಹಂದಿಯೂ ಒಂದರ ಮೇಲೊಂದು ಬಿದ್ದಿವೆ.

ಈ ಶಾಸನದ ಐತಿಹಾಸಿಕ ಮಹತ್ತ್ವವನ್ನು ವಿದ್ವಾಂಸರು ಬೇಕಾದಷ್ಟು ವಿವರಿಸಿದ್ದಾರೆ. ನನ್ನ ಮನಸ್ಸು ನಿಲ್ಲುವುದು ಆ ಎರಡು ಖಂಡುಗ ಭೂಮಿಯ ಮೇಲೆ. ಪ್ರೀತಿಯೆಂಬುದನ್ನು ಬಾಯಿಮಾತಿನಲ್ಲಿಯೇ ಮುಗಿಸದೆ, ಅದಕ್ಕೆ ತಗಲುವ ವೆಚ್ಚವನ್ನು ಮುಂದಾಗಿಯೇ ಲೆಕ್ಕಹಾಕಿ, ಅದಕ್ಕೊಂದು ಉತ್ಪತ್ತಿಯನ್ನು ಗೊತ್ತುಮಾಡಿದ ಜನ ನಮ್ಮ ಈ ನಾಡಿನಲ್ಲಿಯೇ ಇದ್ದರು.

ಅದೇ ನಾಡಿನ ಮಳವಳ್ಳಿ ತಾಲ್ಲೂಕಿನಲ್ಲಿ ನಮ್ಮ ಬಂಡೂರು ಇದೆ. ಊರಿಗೆ ಹೆಸರು ಬಂದಿರುವುದು ಕುರಿಯಿಂದ. ಗಿಡ್ಡ ಕಾಲು, ದುಂಡು ಮೈ, ಹಿಂದಿನಿಂದ ನೋಡಿದರೆ ತಲೆಕೆಳಗಾದ ಲಾಳದಂತೆ ಕಾಣುವ ತೊಡೆಗಳು. ಈ ಲಕ್ಷಣಗಳು ಕೂಡಿದ ಟಗರಿಗೆ ಲಕ್ಷದ ಬೆಲೆ ಬಂದ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಿದವರುಂಟು. ಇಂತಹ ಊರಿನಲ್ಲಿ ಪ್ರತಿಯೊಂದು ಪ್ರಾಣಿಗೂ ಒಂದು ಬೆಲೆಯಿರುತ್ತದೆ, ಬೆಲೆಗೆ ತಕ್ಕ ರಕ್ಷಣೆಯೂ ಇರುತ್ತದೆ. ಹಸುವಿಗೆ ವಿಮೆ; ಕುರಿ ಸತ್ತರೆ ಅನುಗ್ರಹ ಯೋಜನೆಯ ಪರಿಹಾರ; ಕಾಲುಬಾಯಿ ಜ್ವರಕ್ಕೂ ಕರುಳುಬೇನೆಗೂ ಕಾಲಕಾಲಕ್ಕೆ ಲಸಿಕೆ. ಆ ಕುರಿಗಳನ್ನು ರಾತ್ರಿಯೆಲ್ಲ ಕಾಯುವ ನಾಯಿಯೊಂದೇ ಯಾವ ಲೆಕ್ಕದ ಪುಸ್ತಕಕ್ಕೂ ಸೇರದೆ ಉಳಿದುಬಿಟ್ಟಿದೆ.

ನಮ್ಮ ಕೆಂಚಿ ಅಂತಹವಳು. ಕೊಟ್ಟಿಗೆಯ ಬಾಗಿಲಲ್ಲಿ ಮಲಗಿ, ಹಾಲು ಕಲಸಿದ ಮುದ್ದೆಯನ್ನುಂಡು ಬೆಳೆದವಳು. ಒಂದು ಬೇಸಗೆಯಲ್ಲಿ ಅವಳು ಮುದ್ದೆಯನ್ನು ಮೂಸಿ ಬಿಟ್ಟುಬಿಡತೊಡಗಿದಳು, ಬಿಸಿಲಿನ ತಾಪವೆಂದುಕೊಂಡೆವು. ಮತ್ತೆ ತಿನ್ನತೊಡಗಿದಾಗ ವಾಸಿಯಾಯಿತೆಂದು ಎಲ್ಲರೂ ಸಮಾಧಾನಪಟ್ಟರು. ತಿಂಗಳುಗಳು ಉರುಳಿದ ಮೇಲೆ ಒಂದು ಮುಂಜಾನೆ ಅವಳ ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತುಟಿಯನ್ನೆತ್ತಿ ನೋಡಿದರೆ ವಸಡು ಸುಣ್ಣದಂತೆ ಬೆಳ್ಳಗಿತ್ತು. ಹೊಟ್ಟೆಯ ಎಳೆಯ ಚರ್ಮದ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಎದ್ದಿದ್ದುವು.

ಇದು ಉಣ್ಣೆಯಿಂದ ಬರುವ ಜ್ವರ. ನಾಯಿಯ ಕಿವಿಯ ಹಿಂದೆ, ಬೆರಳ ಸಂದಿನಲ್ಲಿ ಕಚ್ಚಿಕೊಂಡಿರುವ ಕಂದುಬಣ್ಣದ ಉಣ್ಣೆಯು ರಕ್ತವನ್ನು ಹೀರುವಾಗ ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿಯನ್ನು ದೇಹದೊಳಕ್ಕೆ ಬಿಡುತ್ತದೆ. ಅದು ಬಿಳಿಯ ರಕ್ತಕಣಗಳಲ್ಲಿ ನೆಲೆಮಾಡುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳು ಕುಸಿಯುತ್ತವೆ. ಫ್ರೆಂಚ್ ವಿಜ್ಞಾನಿಗಳು ಆಲ್ಜೀರಿಯಾದಲ್ಲಿ ಇದನ್ನು ಮೊದಲು ಗುರುತಿಸಿದ್ದು 1935ರಲ್ಲಿ. ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯದ ನೂರಕ್ಕೂ ಹೆಚ್ಚು ನಾಯಿಗಳು ಇದಕ್ಕೆ ಬಲಿಯಾದಾಗ ಲೋಕ ಇದರ ಕಡೆ ಕಣ್ಣು ತೆರೆಯಿತು. ಈ ರೋಗದ ಅತ್ಯಂತ ಕ್ರೂರವಾದ ಗುಣವೆಂದರೆ ಅದರ ನಡುವಿನ ಮೌನ. ಮೊದಲ ಜ್ವರ ಕೆಲವು ವಾರಗಳಲ್ಲಿ ಇಳಿದುಹೋಗಿ, ನಾಯಿ ಆರೋಗ್ಯವಾಗಿರುವಂತೆಯೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತೋರುತ್ತಿದ್ದು, ಅನಂತರ ಕೆಲವು ನಾಯಿಗಳಲ್ಲಿ ಅಸ್ಥಿಮಜ್ಜೆಯೇ ಬತ್ತಿಹೋಗುತ್ತದೆ.

ಹಣದ ಮಾತು ಇಲ್ಲಿಯೇ ಹುಟ್ಟುತ್ತದೆ. ಮೊದಲ ಜ್ವರದಲ್ಲಿಯೇ ಒಂದು ಹನಿ ರಕ್ತವನ್ನು ಪರೀಕ್ಷಿಸಿ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯವಾದ ಮಾತ್ರೆಯನ್ನು ನಾಲ್ಕು ವಾರ ಬಿಡದೆ ಕೊಟ್ಟರೆ ಬಹುಪಾಲು ನಾಯಿಗಳು ಚೇತರಿಸಿಕೊಳ್ಳುತ್ತವೆ. ಅದರ ವೆಚ್ಚ ಬಡವನ ಕೈಗೂ ಎಟುಕುವಂತಹುದು. ಮಜ್ಜೆ ಬತ್ತಿದ ಮೇಲಾದರೋ ಮರಳಿ ಮರಳಿ ರಕ್ತಪರೀಕ್ಷೆ, ಡ್ರಿಪ್ಪು, ಬೇರೊಂದು ನಾಯಿಯಿಂದ ರಕ್ತ, ಊರಿಂದ ಮೈಸೂರಿಗೆ ಬಾಡಿಗೆ ಕಾರು, ಅಲ್ಲಿ ಉಳಿದುಕೊಳ್ಳುವವರ ಊಟ, ಬಿಟ್ಟುಹೋದ ಗದ್ದೆಯ ಕೆಲಸ, ಹೀಗೆ ಒಂದರ ಬಾಲವನ್ನು ಹಿಡಿದು ಇನ್ನೊಂದು ಬರುತ್ತದೆ. ನಮ್ಮ ಹೋಬಳಿಗಳ ಪಶು ಆಸ್ಪತ್ರೆಗಳ ವೈದ್ಯರು ಸಜ್ಜನರು, ಶ್ರಮಜೀವಿಗಳು. 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವೂ ಬರುವ ಏರ್ಪಾಡು ಈಗ ಇದೆ. ಆದರೆ ರಕ್ತಕಣಗಳನ್ನೆಣಿಸುವ ಯಂತ್ರವೊಂದು ಪ್ರತಿ ತಾಲ್ಲೂಕಿನ ಆಸ್ಪತ್ರೆಯಲ್ಲಿಯೂ ನಾಯಿಗೂ ದೊರೆಯುವಂತಿದ್ದರೆ, ಪಟ್ಟಣದಲ್ಲಿ ಕೊನೆಗೆ ಕಟ್ಟಬೇಕಾಗುವ ಬಿಲ್ಲುಗಳಲ್ಲಿ ಎಷ್ಟೋ ಹುಟ್ಟುತ್ತಲೇ ಇರಲಿಲ್ಲ. ಇದನ್ನು ಪಶುಸಂಗೋಪನಾ ಇಲಾಖೆಯವರು ದಯಮಾಡಿ ಮನಸ್ಸಿಗೆ ತಂದುಕೊಳ್ಳಬೇಕೆಂಬುದು ನನ್ನ ವಿಜ್ಞಾಪನೆ.

"ನಾಯಿಗೆ ಇಷ್ಟೊಂದ್ ದುಡ್ಡ ಸುರೀತಾರಾ ಸ್ವಾಮಿ? ಆ ದುಡ್ನಲ್ಲಿ ಎರಡು ಕುರಿ ಬತ್ತಿದ್ವು" ಎಂದು ನೆರೆಯ ಹಿರಿಯರೊಬ್ಬರು ಹೇಳಿದರು. ಅವರದು ಕಠಿಣ ಹೃದಯವಲ್ಲ. ಮಗಳ ಮದುವೆಗೆ ಕುರಿಗಳನ್ನು ಮಾರಿ ಹಣ ಹೊಂದಿಸಿದವರ ಮಾತು ಅದು, ಅದರಲ್ಲಿ ಸತ್ಯವೂ ಉಂಟು. ಮನೆಯ ಮಕ್ಕಳ ಶುಲ್ಕವನ್ನೋ ವೃದ್ಧರ ಔಷಧವನ್ನೋ ತಡೆದು, ಸಾಲದ ಮೇಲೆ ಸಾಲ ಮಾಡಿ, ನಾಯಿಯ ಚಿಕಿತ್ಸೆಯನ್ನು ನಡೆಸುವುದು ಧರ್ಮವೆಂದು ನಾನು ಹೇಳಲಾರೆ. ಆದರೆ ಇನ್ನೊಂದು ಮರಿಯನ್ನು ತಂದರಾಯಿತೆಂಬ ಮಾತನ್ನು ಮಾತ್ರ ಒಪ್ಪಲಾರೆ. ಕತ್ತಲಲ್ಲಿ ನಮ್ಮ ಹೆಜ್ಜೆಯ ಸದ್ದನ್ನು ಗುರುತಿಸಿ ಬೊಗಳುವುದನ್ನು ನಿಲ್ಲಿಸುವ ಪ್ರಾಣಿಯೊಡನೆ ನಮಗೆ ಬೆಳೆದಿರುವ ಸಂಬಂಧವು ಸಂತೆಯಲ್ಲಿ ಸಿಕ್ಕುವ ವಸ್ತುವಲ್ಲ.

ಮೈಸೂರಿನ ವೈದ್ಯೆಯೊಬ್ಬರು ನಮಗೆ ಮಾಡಿದ ಮಹೋಪಕಾರವೆಂದರೆ, ಪ್ರತಿಯೊಂದು ಪರೀಕ್ಷೆಗೂ ಮುಂಚೆ ಕುಳ್ಳಿರಿಸಿಕೊಂಡು, ಇದಕ್ಕೆ ಎಷ್ಟಾಗುತ್ತದೆ, ಇದರಿಂದ ಏನು ತಿಳಿಯುತ್ತದೆ, ತಿಳಿದ ಮೇಲೆ ಮಾಡುವ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ ಎಂಬುದನ್ನು ಸಂಕೋಚವಿಲ್ಲದೆ ಬಿಡಿಸಿ ಹೇಳಿದ್ದು. ರೋಗಿಯ ಮುಂದೆ ಹಣದ ಪ್ರಸ್ತಾಪ ಮಾಡುವುದು ಅವಮಾನವೆಂದು ಭಾವಿಸಿ ಎಷ್ಟೋ ಮನೆಯವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಕೊನೆಗೆ ಬಿಲ್ಲು ಕೈಗೆ ಬಂದಾಗ, ಚಿಕಿತ್ಸೆಯನ್ನು ಅರ್ಧದಲ್ಲಿ ನಿಲ್ಲಿಸಿ ನಾಯಿಯನ್ನು ಮನೆಗೆ ಕರೆತರುತ್ತಾರೆ. ಕೇಳಬೇಕಾದುದನ್ನು ಮೊದಲೇ ಕೇಳಿದ್ದರೆ, ಅದೇ ಹಣದಲ್ಲಿ ನೋವನ್ನಾದರೂ ಪೂರ್ಣವಾಗಿ ಶಮನಗೊಳಿಸಬಹುದಾಗಿತ್ತು. ನಾವು ಅವರನ್ನು ಕೊನೆಗೆ ಕೇಳಿದ್ದೂ ಕೆಂಚಿ ಇನ್ನೆಷ್ಟು ದಿನ ಬದುಕುವಳೆಂದಲ್ಲ, ಎಷ್ಟು ದಿನ ಸುಖವಾಗಿ ಮುದ್ದೆಯನ್ನುಂಡು ಬಿಸಿಲಿನಲ್ಲಿ ಮಲಗಬಲ್ಲಳೆಂದು.

ಎರಡನೆಯ ಸಲ ರಕ್ತ ಕೊಡಿಸಿದ ಮೇಲೂ ಮಜ್ಜೆ ಓಗೊಡಲಿಲ್ಲ. ಮೂರನೆಯ ಸಲ ಬೇಡವೆಂದು ಮನೆಯವರೆಲ್ಲ ಕೂಡಿ ನಿರ್ಧರಿಸಿದೆವು. ನಿರ್ಧಾರ ಮಾಡಿದ್ದು ಹಣ ತೀರಿತೆಂದಲ್ಲ. ಅದಕ್ಕಾಗಿ ತೆಗೆದಿಟ್ಟಿದ್ದರಲ್ಲಿ ಇನ್ನೂ ಉಳಿದಿತ್ತು. ನೋವು ತಗ್ಗಿಸುವ ಔಷಧವನ್ನೂ ವಾಂತಿ ನಿಲ್ಲಿಸುವ ಔಷಧವನ್ನೂ ಕೊಡುತ್ತ ಮನೆಯಲ್ಲಿಟ್ಟುಕೊಂಡು, ಅವಳು ನೀರನ್ನೂ ಒಲ್ಲದಾದಾಗ ವೈದ್ಯರನ್ನು ಕರೆಸಿ ದಯಾಮರಣ ಕೊಡಿಸಿದೆವು. ನನ್ನ ತಾಯಿ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದರು.

ಉಳಿದ ಹಣವನ್ನು ಮನೆಯ ಖರ್ಚಿಗೆ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಬೀದಿಯಲ್ಲಿ ಕುರಿ ಸಾಕುವ ಮನೆಗಳವರು ತಾವೂ ಅಷ್ಟಿಷ್ಟು ಸೇರಿಸಿದರು. ಕೆಂಚಿಗೆ ಎರಡು ಕುರಿಯ ಲೆಕ್ಕ ಹೇಳಿದ ಹಿರಿಯರೂ ಸೇರಿಸಿದರು. ಈಗ ಉಣ್ಣೆ ಹೆಚ್ಚುವ ಕಾಲಕ್ಕೆ ಮೊದಲು ಬೀದಿಯ ನಾಯಿಗಳಿಗೆಲ್ಲ ಉಣ್ಣೆಯ ಔಷಧ ಹಚ್ಚಿಸಿ, ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮೆತ್ತಿಸಿ, ರೇಬೀಸ್ ಚುಚ್ಚುಮದ್ದನ್ನೂ ಹಾಕಿಸುತ್ತೇವೆ. ಯಾವ ನಾಯಿಯಾದರೂ ಎರಡು ದಿನ ಊಟ ಬಿಟ್ಟಿತೆಂದರೆ ಅದರ ರಕ್ತಪರೀಕ್ಷೆಯ ಹಣ ಆ ಗಂಟಿನಿಂದಲೇ ಹೋಗುತ್ತದೆ.