ಕಣ್ಣಿಗೆ ಪಟ್ಟಿ, ಮೂಗಿನ ಪಕ್ಕ ಕಿಂಡಿ

ಕಣ್ಣಿಗೆ ಕಪ್ಪು ಪಟ್ಟಿ, ಕೈಯಲ್ಲೊಂದು ಇಸ್ಪೀಟೆಲೆ. ಹುಡುಗಿ ಅದನ್ನು ಮೂಸಿ ಬಣ್ಣ ಹೇಳುತ್ತಾಳೆ. ಅಪ್ಪ-ಅಮ್ಮನಿಂದ ಚಪ್ಪಾಳೆ!

ಇದು ‘ಮಿಡ್‌ಬ್ರೇನ್ ಆಕ್ಟಿವೇಶನ್’, ಅಂದರೆ ಮಿದುಳಿನ ನಡುಭಾಗವನ್ನು ಚುರುಕುಗೊಳಿಸುತ್ತೇವೆನ್ನುವ ತರಬೇತಿ. ಓದಿನಲ್ಲಿ ಹಿಂದುಳಿದ ಮಗುವಿಗೂ ಏಕಾಗ್ರತೆ, ಸೃಜನಶೀಲತೆ ಬರುತ್ತವೆಂದು ನಂಬಿ ಪಾಲಕರು ಸಾವಿರಾರು ರೂಪಾಯಿ ಸುರಿದಿದ್ದಾರೆ.

ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ಗುಟ್ಟು ಬಯಲಿಗೆಳೆದರು. ಪಟ್ಟಿ ಎಷ್ಟೇ ಬಿಗಿಯಾಗಿರಲಿ, ಮೂಗಿನ ಪಕ್ಕ ಸಣ್ಣ ಸಂದು ಉಳಿಯುತ್ತದೆ. ಮಗು ಅಲ್ಲಿಂದಲೇ ಇಣುಕುತ್ತದೆ. ಸಂದು ಮುಚ್ಚಿದರೆ ವಿದ್ಯೆ ಮಾಯ. ಅಸಲಿಗೆ ಮಿದುಳಿನ ಆ ನಡುಭಾಗ ನೋಡಿಕೊಳ್ಳುವುದು ಕಣ್ಣಿನ ಚಲನೆ, ಕಿವಿಯ ಸಂದೇಶಗಳ ರವಾನೆಯಂಥ ಕೆಲಸಗಳನ್ನು.

ಹಾಗಾದರೆ ಮುಂಬಯಿಯ ಕಾಂದಿವಲಿಯಲ್ಲಿ ಇಂಗ್ಲಿಷಿನ ‘ಬಿ’ಯನ್ನು ‘ಡಿ’ ಎಂದು ಬರೆಯುತ್ತಲೇ ಇರುವ ಮಗುವಿಗೆ ದಾರಿ?

ಅದು ಡಿಸ್ಲೆಕ್ಸಿಯಾ ಎಂಬ ಕಲಿಕಾ ನ್ಯೂನತೆ ಇರಬಹುದು. ಅಕ್ಷರವನ್ನು ನೋಡಿ, ಗಟ್ಟಿಯಾಗಿ ಉಚ್ಚರಿಸಿ, ಮರಳಿನಲ್ಲಿ ಬೆರಳಾಡಿಸಿ ಕಲಿಸುವ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪದ್ಧತಿ 1930ರ ದಶಕದಿಂದಲೇ ಇದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ, ವೇದಿಕೆ ಮೇಲೆ ತೋರಿಸಲು ಏನೂ ಇಲ್ಲ.

ಅನುಮಾನವಿದ್ದರೆ ಮುಂಬಯಿಯದೇ ಸಾಯನ್ ಆಸ್ಪತ್ರೆಯ ಕಲಿಕಾ ನ್ಯೂನತೆ ಕ್ಲಿನಿಕ್‌ನಲ್ಲಿ ವಿಚಾರಿಸಿ. ನ್ಯೂನತೆಯ ಪ್ರಮಾಣಪತ್ರ ಸಿಕ್ಕರೆ ಹತ್ತನೆಯ ತರಗತಿಯ ಎಸ್ಸೆಸ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೂ ಸಿಗುತ್ತದೆ.