ಸೂಜಿಯ ಸುಳ್ಳು

ನೌಕಾಯಾನದ ಕಥೆಗಳಲ್ಲಿ ದಿಕ್ಸೂಚಿಗೆ ದೊರೆತ ಪಾತ್ರವನ್ನು ಗಮನಿಸಿದರೆ, ಅದರ ನಿಷ್ಠೆಗಿಂತ ಅದು ಬಗೆಯುವ ದ್ರೋಹವೇ ಕಾದಂಬರಿಕಾರರ ಮನಸ್ಸನ್ನು ಹೆಚ್ಚಾಗಿ ಸೆಳೆಯಿತೆಂದು ತೋರುತ್ತದೆ. ಫ್ರಾನ್ಸಿನ ಜೂಲ್ಸ್ ವರ್ನನು 1878ರಲ್ಲಿ ಹೊರತಂದ ಕಾದಂಬರಿಯೊಂದರಲ್ಲಿ, ನಾಯಕನನ್ನು ಕಳೆದುಕೊಂಡ ಹಡಗಿನ ಭಾರವು ಡಿಕ್ ಸ್ಯಾಂಡ್ ಎಂಬ ಹದಿನೈದರ ಹುಡುಗನ ಹೆಗಲಿಗೆ ಬೀಳುತ್ತದೆ. ಇದ್ದ ಎರಡು ದಿಕ್ಸೂಚಿಗಳಲ್ಲಿ ಒಂದು ಒಡೆದುಹೋದ ಮೇಲೆ, ನೆಗೊರೊ ಎಂಬ ದುಷ್ಟ ಅಡುಗೆಯವನು ಉಳಿದೊಂದರ ಕೆಳಗೆ ಕಬ್ಬಿಣದ ತುಂಡೊಂದನ್ನು ಗುಟ್ಟಾಗಿ ಸೇರಿಸಿಬಿಡುತ್ತಾನೆ. ಉತ್ತರವನ್ನು ತೋರಬೇಕಾದ ಮುಳ್ಳು ಈಶಾನ್ಯಕ್ಕೆ ತಿರುಗುತ್ತದೆ. ದಕ್ಷಿಣ ಅಮೆರಿಕದ ಕಡೆಗೆ ಸಾಗುತ್ತಿರುವೆನೆಂದು ನಂಬಿದ ಹುಡುಗನು, ತನಗರಿವಿಲ್ಲದೆಯೇ ಹಾರ್ನ್ ಭೂಶಿರವನ್ನು ಬಳಸಿ, ಆಫ್ರಿಕದ ಅಂಗೋಲಾ ತೀರಕ್ಕೆ ಬಂದು ಬೀಳುತ್ತಾನೆ. ಒಂದು ಖಂಡವನ್ನೇ ಬಳಸಿ ಬಂದರೂ ಅರಿವಾಗಲಿಲ್ಲವೆಂಬುದು ಕೊಂಚ ಅತಿಯೆನಿಸಬಹುದು. ಕಬ್ಬಿಣದ ಪ್ರಭಾವ ಮಾತ್ರ ಕಟ್ಟುಕಥೆಯಲ್ಲ.

ಸೂಜಿಯನ್ನು ಪೂರ್ತಿಯಾಗಿ ನಂಬಲಾಗದೆಂಬುದು ಬಲು ಹಿಂದೆಯೇ ತಿಳಿದಿತ್ತು. ಚೀನದ ವಿದ್ವಾಂಸ ಶೆನ್ ಕುವೊ 1088ರ ಸುಮಾರಿನಲ್ಲಿಯೇ, ಅಯಸ್ಕಾಂತಕ್ಕೆ ಉಜ್ಜಿದ ಸೂಜಿಯು ನೇರ ದಕ್ಷಿಣಕ್ಕಲ್ಲದೆ ತುಸು ಪೂರ್ವಕ್ಕೆ ವಾಲಿ ನಿಲ್ಲುವುದೆಂದು ಬರೆದಿಟ್ಟನು. 1119ರ ಇನ್ನೊಂದು ಚೀನೀ ಗ್ರಂಥದ ಪ್ರಕಾರ, ಅಲ್ಲಿಯ ನಾವಿಕರು ಇರುಳಿನಲ್ಲಿ ನಕ್ಷತ್ರಗಳನ್ನೂ ಹಗಲಿನಲ್ಲಿ ಸೂರ್ಯನನ್ನೂ ನೋಡಿ ನಡೆಯುತ್ತ, ಮೋಡ ಕವಿದಾಗ ಸೂಜಿಯ ಮೊರೆಹೊಗುತ್ತಿದ್ದರು. ವಿವೇಕದ ಕ್ರಮವೆಂದೇ ಹೇಳಬೇಕು. 1492ರ ಸೆಪ್ಟೆಂಬರಿನಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ, ಮುಳ್ಳು ಧ್ರುವನಕ್ಷತ್ರವನ್ನು ಬಿಟ್ಟು ಪಶ್ಚಿಮಕ್ಕೆ ಸರಿದುದನ್ನು ಕಂಡು ಕೊಲಂಬಸನ ಜೊತೆಗಾರರು ಕಂಗೆಟ್ಟಾಗ, ಆತನು ಮುಂಜಾವಿನಲ್ಲಿ ಮತ್ತೊಮ್ಮೆ ನೋಡಹೇಳಿ, ಕದಲಿದುದು ನಕ್ಷತ್ರವೇ ಹೊರತು ಸೂಜಿಯಲ್ಲವೆಂದು ಸಮಾಧಾನಪಡಿಸಿದನು. ಆ ಕಾಲಕ್ಕೆ ಧ್ರುವನಕ್ಷತ್ರವು ಧ್ರುವಬಿಂದುವಿನಿಂದ ಮೂರು ಡಿಗ್ರಿಗೂ ಮಿಕ್ಕ ದೂರದಲ್ಲಿ ಸುತ್ತುತ್ತಿದ್ದುದರಿಂದ, ಈ ಜಾಣ ಉತ್ತರದಲ್ಲಿ ಅರ್ಧದಷ್ಟು ಸತ್ಯವೂ ಇತ್ತು.

ಭೂಮಿಯಿಂದೊದಗುವ ಈ ದೋಷದ ಜೊತೆಗೆ ಹಡಗಿನದೇ ದೋಷವೂ ಉಂಟು. 1801ರಿಂದ ಆಸ್ಟ್ರೇಲಿಯದ ಕರಾವಳಿಯನ್ನು ಅಳೆಯುತ್ತಿದ್ದ ಮ್ಯಾಥ್ಯೂ ಫ್ಲಿಂಡರ್ಸ್, ಹಡಗು ತಿರುಗಿದಂತೆಲ್ಲ ಮುಳ್ಳಿನ ತಪ್ಪೂ ಬದಲಾಗುವುದನ್ನು ಕಂಡು, ಅದಕ್ಕೆ ಹಡಗಿನ ಕಬ್ಬಿಣವೇ ಕಾರಣವೆಂದು ಗುರುತಿಸಿದನು. ಮರದ ಹಡಗಿನ ಗತಿಯೇ ಇದಾದರೆ ಕಬ್ಬಿಣದ ಹಡಗಿನ ಪಾಡನ್ನು ಕೇಳುವುದೇನು! 1838ರಲ್ಲಿ ಜಾರ್ಜ್ ಏರಿಯು 'ರೇನ್‌ಬೋ' ಎಂಬ ಹಡಗಿನಲ್ಲಿ ಅಯಸ್ಕಾಂತಗಳನ್ನಿರಿಸಿ ದೋಷವನ್ನು ತಿದ್ದಿ ತೋರಿಸಿದನು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನನು ದಿಕ್ಸೂಚಿಯ ಇಕ್ಕೆಲಗಳಲ್ಲಿ ಮೆದು ಕಬ್ಬಿಣದ ಗುಂಡುಗಳನ್ನು ನಿಲ್ಲಿಸಿದನು. ನೆಗೊರೊ ಮುಳ್ಳನ್ನು ಕೆಡಿಸಿದ ಉಪಾಯದಿಂದಲೇ ಇವರು ಅದನ್ನು ಸರಿಪಡಿಸಿದರು.

ಹರ್ಮನ್ ಮೆಲ್ವಿಲ್ಲನ 'ಮೊಬಿ ಡಿಕ್' (1851) ಕಾದಂಬರಿಯಲ್ಲಾದರೋ ಮುಳ್ಳನ್ನು ಕೆಡಿಸುವುದು ಸಿಡಿಲು. ಪೂರ್ವಕ್ಕೆ ಹೋಗುತ್ತಿರುವೆವೆಂದು ಚುಕ್ಕಾಣಿಯವನು ಹೇಳಿದರೂ, ಬೆಳಗಿನ ಸೂರ್ಯನು ಹಡಗಿನ ಬೆನ್ನ ಹಿಂದಿರುವುದನ್ನು ಕಂಡು ಕಪ್ತಾನ ಆಹಾಬನು ಮುಳ್ಳುಗಳು ತಿರುವುಮುರುವಾದುದನ್ನು ಅರಿಯುತ್ತಾನೆ. ಬಳಿಕ ಈಟಿಯ ಮೊನೆಯನ್ನು ಮುರಿದು, ಉಳಿದ ಕಬ್ಬಿಣದ ಸರಳನ್ನು ನೆಟ್ಟಗೆ ಹಿಡಿಯಹೇಳಿ, ಅದರ ನೆತ್ತಿಗೆ ಸುತ್ತಿಗೆಯಿಂದ ಬಡಿದು, ಅಲ್ಲಿಯೇ ಹಾಯಿ ಹೊಲಿಯುವ ಸೂಜಿಯನ್ನು ನಿಲ್ಲಿಸಿ ಮೆಲ್ಲನೆ ಕುಟ್ಟಿ, ದಾರದಲ್ಲಿ ತೂಗಬಿಟ್ಟು ಹೊಸ ದಿಕ್ಸೂಚಿಯನ್ನು ಮಾಡಿಕೊಳ್ಳುತ್ತಾನೆ. ಇದು ಮಾಟವಲ್ಲ: ಕಮ್ಮಾರನು ಕಾಯ್ದ ಕಬ್ಬಿಣವನ್ನು ಉತ್ತರ-ದಕ್ಷಿಣವಾಗಿರಿಸಿ ಬಡಿದರೆ ಅದು ಅಯಸ್ಕಾಂತವಾಗುವುದೆಂದು ವಿಲಿಯಂ ಗಿಲ್ಬರ್ಟನು 1600ರಲ್ಲಿಯೇ ಚಿತ್ರಸಹಿತ ತೋರಿಸಿದ್ದನು. ನಡುವೆ ಆಹಾಬನು ಕೈಯಾಡಿಸಿ ತೋರುವ ವಿಚಿತ್ರ ಭಂಗಿಗಳು ಉಕ್ಕಿಗಾಗಿಯೋ, ಬೆರಗಾಗಿ ನಿಂತ ಖಲಾಸಿಗಳಿಗಾಗಿಯೋ ಎಂಬುದನ್ನು ಮಾತ್ರ ಮೆಲ್ವಿಲ್ಲನು ಬೇಕೆಂದೇ ಬಿಡಿಸಿ ಹೇಳುವುದಿಲ್ಲ.