ಹೊಟ್ಟೆಯ ಕ್ಯಾನ್ಸರ್ ನೋವಿಗೆ ನರದಲ್ಲೇ ತಡೆ

‘ಕ್ಯಾನ್ಸರ್ ಅಂದ್ಮೇಲೆ ನೋವು ಇದ್ದದ್ದೇ, ತಡ್ಕೋಬೇಕು’ ಅಂತ ಸುಮ್ಮನಾಗಿಬಿಡಬೇಡಿ. ಮೇದೋಜೀರಕ ಗ್ರಂಥಿ, ಜಠರ, ಪಿತ್ತಕೋಶದ ಕ್ಯಾನ್ಸರ್‌ನಲ್ಲಿ ಮೇಲ್ಹೊಟ್ಟೆಯಿಂದ ಬೆನ್ನಿಗೆ ಹಾಯುವ ನೋವು ಊಟ, ನಿದ್ದೆ ಎರಡನ್ನೂ ಕಸಿಯುತ್ತದೆ. ಇದಕ್ಕೆ ಮಾತ್ರೆಯ ಜೊತೆಗೆ ಇನ್ನೊಂದು ದಾರಿಯಿದೆ. ಅದೇ ‘ನರ್ವ್ ಬ್ಲಾಕ್’.

ಏನಿದು?
ಹೊಟ್ಟೆಯ ನೋವಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರಗಳು ಬೆನ್ನುಮೂಳೆಯ ಮುಂದೆ ಗೊಂಚಲಾಗಿ ಸೇರಿರುತ್ತವೆ. ಇದರ ಹೆಸರು ಸೀಲಿಯಾಕ್ ಪ್ಲೆಕ್ಸಸ್. ವೈದ್ಯರು ಎಕ್ಸ್‌ರೇ, ಸಿ.ಟಿ. ಅಥವಾ ಅಲ್ಟ್ರಾಸೌಂಡ್ ಪರದೆ ನೋಡುತ್ತಾ ಸಪೂರ ಸೂಜಿಯನ್ನು ಅಲ್ಲಿಗೆ ತಲುಪಿಸಿ ಮರಗಟ್ಟಿಸುವ ಔಷಧಿ, ಆಲ್ಕೋಹಾಲ್ ಬಿಡುತ್ತಾರೆ. ಸುದ್ದಿಯ ದಾರಿ ಮುಚ್ಚುತ್ತದೆ. ಗರ್ಭಕೊರಳಿನ ಕ್ಯಾನ್ಸರ್‌ನ ಕಿಬ್ಬೊಟ್ಟೆ ನೋವಿಗೆ ಇನ್ನೂ ಕೆಳಗಿರುವ ಬೇರೆ ಗೊಂಚಲಿಗೆ ಚುಚ್ಚುತ್ತಾರೆ. ಇದು ಹೊಸ ಪ್ರಯೋಗವಲ್ಲ, ಜರ್ಮನಿಯ ವೈದ್ಯ ಮ್ಯಾಕ್ಸ್ ಕ್ಯಾಪಿಸ್ 1914ರಲ್ಲೇ ಈ ದಾರಿ ತೋರಿಸಿದ್ದರು.

ಇದರಿಂದ ಕ್ಯಾನ್ಸರ್ ವಾಸಿಯಾಗದು. ಆದರೆ ಅನೇಕರಿಗೆ ಕೆಲವು ತಿಂಗಳು ನೋವು ತಗ್ಗುತ್ತದೆ, ಮಾರ್ಫಿನ್ ಪ್ರಮಾಣ ಇಳಿಸಬಹುದು. ಮಂಪರು, ಮಲಬದ್ಧತೆಯೂ ಕಡಿಮೆ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಯಾವಾಗ ಕೇಳಬೇಕು?
ಕೊನೆಗಳಿಗೆಯವರೆಗೆ ಕಾಯಬೇಡಿ. ರೋಗ ಹೆಚ್ಚು ಹರಡುವ ಮೊದಲೇ, ರೋಗಿ ಬೋರಲು ಮಲಗಲು ಶಕ್ತರಿರುವಾಗಲೇ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ.

ಮನೆಗೆ ಬಂದ ಮೇಲೆ
* ಎದ್ದು ನಿಂತಾಗ ಬಿ.ಪಿ. ಇಳಿಯಬಹುದು. ಮೊದಲು ಕೂರಿಸಿ, ಆಮೇಲೆ ಮೆಲ್ಲಗೆ ಏಳಿಸಿ.
* ಕೆಲವು ದಿನ ಭೇದಿಯಾಗಬಹುದು. ಓ.ಆರ್.ಎಸ್. ಕೊಡಿ.
* ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಇದು ಅಪರೂಪ, ಆದರೂ ಎಚ್ಚರ ಬೇಕು.

ಎಲ್ಲಿ ವಿಚಾರಿಸಬೇಕು?
ಇಂಡಿ ತಾಲ್ಲೂಕಿನ ಸಾಲೋಟಗಿಯಂಥ ಊರಿನಿಂದ ನಿಮ್ಮ ಅತ್ತೆಯನ್ನೋ ಅಮ್ಮನನ್ನೋ ಕರೆತರಬೇಕಾದರೆ ದಾರಿಯೇ ಅರ್ಧ ಶಿಕ್ಷೆ. ಮೊದಲು ವಿಜಯಪುರ, ಸೊಲ್ಲಾಪುರದ ದೊಡ್ಡ ಆಸ್ಪತ್ರೆಗಳಿಗೆ ಫೋನ್ ಮಾಡಿ, ‘ನೋವು ನಿವಾರಣಾ ತಜ್ಞರಿದ್ದಾರಾ, ಯಾವ ದಿನ ಸಿಗ್ತಾರೆ?’ ಅಂತ ಕೇಳಿಕೊಳ್ಳಿ. ಅರಿವಳಿಕೆ ವಿಭಾಗದಲ್ಲೂ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವು ಶಮನದ ವಿಭಾಗವೇ ಇದೆ. ಚಿಕಿತ್ಸೆಯ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿನ ‘ಕರುಣಾಶ್ರಯ’ ಉಚಿತವಾಗಿ ನೋಡಿಕೊಳ್ಳುತ್ತದೆ. ಸ್ಕ್ಯಾನ್ ಫಿಲಂ, ಮಾತ್ರೆಗಳ ಚೀಟಿ ಮರೆಯದೆ ಒಯ್ಯಿರಿ.

ಹಿರಿಯರು ‘ಏನಿಲ್ಲವ್ವ, ಆರಾಮದೀನಿ’ ಅಂತ ನೋವು ಮುಚ್ಚಿಡುತ್ತಾರೆ. ‘ರೂಪಾಯಿಗೆ ಎಷ್ಟಾಣೆ ನೋವಿದೆ?’ ಅಂತ ದಿನಾ ಕೇಳಿ, ಬರೆದಿಡಿ. ಆ ಲೆಕ್ಕ ನೋಡಿದರೆ ವೈದ್ಯರಿಗೂ ನೋವಿನ ಅಂದಾಜು ಸಿಗುತ್ತದೆ.